ಮಾಲ್ಗುಡಿಯ ಹಿಂದಿನ ಮಣ್ಣುದಾರಿ

ಗೆಳೆಯರೇ, ನಿಮ್ಮಲ್ಲಿ ಎಷ್ಟು ಜನ ಆಗುಂಬೆಗೆ ಹೋಗಿದ್ದೀರಿ? ಕೈ ಎತ್ತಿ ನೋಡೋಣ! ಸರಿ, ಇಳಿಸಿ. ಈಗ ಇನ್ನೊಂದು ಪ್ರಶ್ನೆ. ಸೂರ್ಯಾಸ್ತದ ಕಟ್ಟೆ, ದೊಡ್ಡಮನೆ, ಒಂದು ಹೋಟೆಲು, ನಾಲ್ಕು ಫೋಟೋ.... ಇಷ್ಟು ಬಿಟ್ಟು ಬೇರೇನಾದರೂ ನೋಡಿದವರು ಎಷ್ಟು ಜನ? ಒಂದು ಕೈಯೂ ಕಾಣಿಸುತ್ತಿಲ್ಲವಲ್ಲ!

ಬೇಜಾರು ಬೇಡ. ಮೊದಲ ಸಲ ಹೋದಾಗ ನಾನು ಅಷ್ಟನ್ನೂ ನೋಡಿರಲಿಲ್ಲ.

ಎಂಬತ್ತರ ದಶಕದ ನಡುಭಾಗ. ನಾನು ತೀರ್ಥಹಳ್ಳಿಯಲ್ಲಿ ಒಂಬತ್ತನೇ ತರಗತಿ. ಆಗುಂಬೆಯಲ್ಲಿ ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಶೂಟಿಂಗ್ ಮಾಡುತ್ತಿದ್ದಾರೆ ಎಂಬ ಸುದ್ದಿ ಬಸ್ ಕಂಡಕ್ಟರುಗಳ ಬಾಯಿಂದ ಬಸ್‌ಸ್ಟ್ಯಾಂಡಿಗೆ, ಅಲ್ಲಿಂದ ನಮ್ಮ ಹೈಸ್ಕೂಲಿಗೆ ಬಂತು. ಊರಿಗೆ ಊರೇ ಮಾಲ್ಗುಡಿಯಾಗಿದೆಯಂತೆ, ಬೀದಿಯಲ್ಲಿ ಕುದುರೆ ಮೇಲೆ ಕೂತ ದೊರೆಯ ಪ್ರತಿಮೆ ನಿಲ್ಲಿಸಿದ್ದಾರಂತೆ, ಅನಂತ್‌ನಾಗ್ ಬಂದಿದ್ದಾರಂತೆ, ವಿಷ್ಣುವರ್ಧನ್ ಬರುತ್ತಾರಂತೆ! ಇನ್ನು ಕೂರಲು ಸಾಧ್ಯವೇ? ನಾನೂ ನನ್ನ ಗೆಳೆಯನೂ ಸೈಕಲ್ ಶಾಪಿನಲ್ಲಿ ಎರಡು ಬಾಡಿಗೆ ಸೈಕಲ್ ಹಿಡಿದು ಮನೆಯಲ್ಲಿ ಹೇಳದೆ ಹೊರಟೆವು. ಗೆಳೆಯನ ಹೆಸರು ಇಲ್ಲಿ ಬೇಡ. ನಾವೆಲ್ಲ ಅವನನ್ನು 'ಹೀರೋ' ಎಂದೇ ಕರೆಯುತ್ತಿದ್ದೆವು. ಶಂಕರಣ್ಣನ ಹಾಗೆ ಷರಟಿನ ತೋಳು ಮಡಚಿ, ಎರಡು ಕೈ ಬಿಟ್ಟು ಸೈಕಲ್ ಹೊಡೆಯುತ್ತಿದ್ದ ಆಸಾಮಿ!

ತೀರ್ಥಹಳ್ಳಿಯಿಂದ ಆಗುಂಬೆಗೆ ಮೂವತ್ತು ಕಿಲೋಮೀಟರಿಗೂ ಹೆಚ್ಚು. ಮೇಗರವಳ್ಳಿಯ ಹತ್ತಿರ ನನ್ನ ಸೈಕಲ್ಲಿನ ಚೈನು ಕಿತ್ತಿತು. ಹೀರೋ ಕಲ್ಲಿನಲ್ಲಿ ಜಜ್ಜಿ ಜೋಡಿಸಿದ. ಗುಡ್ಡೇಕೇರಿ ದಾಟುವಾಗ ಮತ್ತೆ ಕಿತ್ತಿತು. ನಾವು ಆಗುಂಬೆ ಮುಟ್ಟುವ ಹೊತ್ತಿಗೆ ಸಂಜೆ. ಪ್ಯಾಕಪ್! ಶಂಕರಣ್ಣನೂ ಇಲ್ಲ, ಅನಂತಣ್ಣನೂ ಇಲ್ಲ. ಪ್ರತಿಮೆಯ ದೊರೆ ಮಾತ್ರ ಕುದುರೆ ಮೇಲೆ ಕೂತು ನಮ್ಮನ್ನು ನೋಡುತ್ತಿದ್ದ.

ರಾತ್ರಿ ಒಂದು ಹೋಟೆಲಿನ ಜಗಲಿಯಲ್ಲಿ ಮಲಗಿದೆವು. ಬೆಳಿಗ್ಗೆ ಆ ಹೋಟೆಲಿನ ಕ್ಲೀನರ್ ಹುಡುಗ, ನಮ್ಮ ವಯಸ್ಸಿನವನೇ, ನಮ್ಮ ಮೋರೆ ನೋಡಿ ಮರುಕಪಟ್ಟು, 'ಜೋಗಿಗುಂಡಿಗೆ ಹೋಗಿ ಬನ್ನಿ, ಬಂದಿದ್ದಕ್ಕೆ ಅಷ್ಟಾದ್ರೂ ಆಗ್ಲಿ' ಅಂದ. ಹಾಗೆ ಸಿಕ್ಕಿದ್ದು ಆ ಮಣ್ಣುದಾರಿ. ಮೂರ್ನಾಲ್ಕು ಕಿಲೋಮೀಟರು. ಒಂದು ಲಾರಿ ಇಲ್ಲ, ಒಂದು ಬಸ್ಸಿಲ್ಲ. ಮೇಲೆ ಮರ, ಕೆಳಗೆ ಹರಳುಕಲ್ಲು, ಪಕ್ಕದಲ್ಲಿ ಹಳ್ಳದ ಸದ್ದು. ಜೋಗಿಗುಂಡಿಯ ನೀರಿಗೆ ಕಾಲು ಇಳಿಬಿಟ್ಟುಕೊಂಡು ಹೀರೋ ಹೇಳಿದ: 'ಈ ದಾರಿ ಮುಂದೆ ಎಲ್ಲಿಗೆ ಹೋಗುತ್ತೋ ಅಲ್ಲೀವರೆಗೂ ಒಂದ್ಸಲ ಹೋಗ್ಬೇಕು ಕಣೋ!'

ಮನೆಗೆ ಬಂದ ಮೇಲೆ ಬಿದ್ದ ಏಟುಗಳ ವರ್ಣನೆ ಇಲ್ಲಿ ಅನಗತ್ಯ.

ಹೀರೋ ಹೋದ ದಾರಿ

ಹೀರೋ ಆ ದಾರಿಯಲ್ಲಿ ಮತ್ತೆ ಹೋಗಲೇ ಇಲ್ಲ. 2004ರಲ್ಲಿ, ಸೆಕೆಂಡ್ ಶೋ ಸಿನಿಮಾ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದವನನ್ನು ಊರ ಹೊರಗಿನ ತಿರುವಿನಲ್ಲಿ ಲಾರಿಯೊಂದು ಹೊಡೆದು ಹೋಯಿತು. ನಿಲ್ಲಿಸಲೂ ಇಲ್ಲ. ಮಗನಿಗೆ ಆಗ ಎರಡು ವರ್ಷ.

ಶಂಕರ್‌ನಾಗ್ ನಿರ್ದೇಶಿಸಿದ 'ಆಕ್ಸಿಡೆಂಟ್' ನೋಡಿದ್ದೀರಲ್ಲ? ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ಕಾರು ಹರಿಸಿ ಹೋದವರ ಕಥೆ. ಅದನ್ನು ನಾನೂ ಹೀರೋನೂ ಗಾಂಧಿ ಕ್ಲಾಸಿನಲ್ಲಿ ಕೂತು ನೋಡಿದ್ದೆವು. ಮುಂದೆ 1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ದಾವಣಗೆರೆ ಬಳಿಯ ಆನಗೋಡಿನಲ್ಲಿ, ಆ ಶಂಕರಣ್ಣನನ್ನೇ ಹೆದ್ದಾರಿ ನುಂಗಿತು. ಇನ್ನೂ 36 ತುಂಬಿರಲಿಲ್ಲ. ಆವತ್ತು ಹೀರೋ ಎರಡು ದಿನ ಊಟ ಬಿಟ್ಟಿದ್ದ. ಅವನ ಸರದಿ ಬಂದಾಗ ಅವನಿಗೂ ಹೆಚ್ಚುಕಡಿಮೆ ಅದೇ ವಯಸ್ಸು. ಸಿನಿಮಾದಲ್ಲಿ ಹೀಗೆ ತೋರಿಸಿದರೆ 'ಏನ್ ಕಥೆ ಕಟ್ತಾನಪ್ಪ' ಎಂದು ನಾವೇ ಶಿಳ್ಳೆ ಹೊಡೆದು ಗೇಲಿ ಮಾಡುತ್ತಿದ್ದೆವು.

ಅಂದಿನಿಂದ ಅವರ ಮನೆಯೊಳಗೆ ಸೈಕಲ್ ಬಂದಿಲ್ಲ. ಅತ್ತಿಗೆ ಬಿಡಲಿಲ್ಲ. ಓರಗೆಯ ಹುಡುಗರೆಲ್ಲ ಸೈಕಲ್ಲಿನಲ್ಲಿ ಸ್ಕೂಲಿಗೆ ಹೋದರೆ ಈ ಹುಡುಗ ನಡೆದೇ ಹೋದ. ಈಗ ಅವನಿಗೆ ಇಪ್ಪತ್ತಮೂರು. ಮೊಬೈಲಿನಲ್ಲಿ ಯಾವ ಯಾವುದೋ ದೇಶದ ಹುಡುಗರು ಕಾಡಿನ ಜಲ್ಲಿದಾರಿಗಳಲ್ಲಿ ದಪ್ಪ ಟೈರಿನ ಸೈಕಲ್ ಹೊಡೆಯುವುದನ್ನು ನೋಡಿ ನೋಡಿ ತಲೆ ಕೆಟ್ಟುಹೋಗಿತ್ತು. ಬೆಂಗಳೂರಿನ ಸ್ನೇಹಿತನೊಬ್ಬನಿಂದ ಒಂದು ಹಳೇ ಗೇರ್ ಸೈಕಲ್ ಎರವಲು ತಂದು, ಅಮ್ಮನಿಗೆ ಗೊತ್ತಾಗದ ಹಾಗೆ ನಮ್ಮ ಕೊಟ್ಟಿಗೆಯಲ್ಲಿ ಬಚ್ಚಿಟ್ಟ. ಮೂರು ತಿಂಗಳು ನಮ್ಮ ಅಂಗಳದಲ್ಲೇ ಕಲಿತ. ಗೊತ್ತಾಗದೆ ಇರುತ್ತದೆಯೇ? ಒಂದು ದಿನ ಅತ್ತಿಗೆ ನಮ್ಮ ಮನೆಗೇ ಬಂದರು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ.

ಬೈಯಲಿಲ್ಲ. 'ಲಾರಿ ಬರದೇ ಇರೋ ದಾರಿ ಅಂತ ಒಂದು ಇದ್ರೆ ಹೇಳಿ. ಅಲ್ಲಿಗೆ ಬೇಕಾದ್ರೆ ಕರ್ಕೊಂಡು ಹೋಗಿ' ಅಂದರು.

ಇದೆ ಅತ್ತಿಗೆ, ಅಂದೆ.

ಫೈಟ್ ಮಾಸ್ಟರ್ ಹೇಳದ ಪಾಠ

ಡಿಸೆಂಬರಿನ ಒಂದು ಮಂಗಳವಾರ. ಶನಿವಾರ ಭಾನುವಾರ ಆಗುಂಬೆಗೆ ಹೋಗಬೇಡಿ, ಅಲ್ಲಿ ಜಾತ್ರೆ. ಎರಡು ಸೈಕಲ್‌ಗಳನ್ನೂ ಲಗೇಜ್ ಆಟೋಕ್ಕೆ ಹಗ್ಗ ಹಾಕಿ ಕಟ್ಟಿ, ಹೆದ್ದಾರಿಯನ್ನು ಅದರಲ್ಲೇ ದಾಟಿದೆವು. ಇದು ಅತ್ತಿಗೆಯ ಮೊದಲ ಷರತ್ತು. ಹುಡುಗನ ಕೈಯಲ್ಲಿ ಗೇರು, ಡಿಸ್ಕ್ ಬ್ರೇಕು, ದಪ್ಪ ಟೈರಿನ ಸೈಕಲ್. ನನ್ನ ಕೈಯಲ್ಲಿ ನಮ್ಮಪ್ಪನ ಕಾಲದ ಇಪ್ಪತ್ತೆರಡು ಇಂಚಿನ ಸವಾರಿ, ರಾಡ್ ಬ್ರೇಕು. ನೋಡಿದವರಿಗೆ ಇವನು ಹೀರೋ, ಇವನು ಕಾಮಿಡಿಯನ್ ಎಂದು ಪಾತ್ರ ಹಂಚುವುದಕ್ಕೆ ಕಷ್ಟವೇ ಇಲ್ಲ!

ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಈ ಮಳೆಯೇ ಇಲ್ಲಿನ ದಾರಿಗಳ ಕಾಂಟ್ರ್ಯಾಕ್ಟರ್. ನಾಲ್ಕು ತಿಂಗಳು ಸುರಿದು ಮೇಲಿನ ಮೆದುಮಣ್ಣನ್ನೆಲ್ಲ ತೊಳೆದು ಕೊಂಡೊಯ್ಯುತ್ತದೆ. ಉಳಿಯುವುದು ಜಂಬಿಟ್ಟಿಗೆಯ ಕೆಂಪು ಹರಳು. ಜೀಪಿನ ಎರಡು ಚಕ್ರದ ಜಾಡು, ನಡುವೆ ಹುಲ್ಲು. ಹೊರದೇಶದವರು ದುಡ್ಡು ಕೊಟ್ಟು ಹುಡುಕಿಕೊಂಡು ಹೋಗುವ ಜಲ್ಲಿದಾರಿ ಅಂದರೆ ಇದೇ. ನಮ್ಮಲ್ಲಿ ಅದಕ್ಕೆ 'ಟಾರು ಕಾಣದ ರಸ್ತೆ' ಎಂದು ಹೆಸರು!

ಮಳೆಗಾಲದಲ್ಲಿ ಹೋದರೆ ಪಾಚಿಯ ಮೇಲೆ ಚಕ್ರ ನಿಲ್ಲುವುದಿಲ್ಲ, ಉಂಬಳ ಬೇರೆ ಕಾಲಿಗೆ ಮುತ್ತುತ್ತವೆ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿಯ ಭಯ. ಮಳೆ ನಿಂತು ನೆಲ ಆರಿದ ಮೇಲೆ, ನವೆಂಬರಿನಿಂದ ಫೆಬ್ರವರಿಯೊಳಗೆ ಸರಿಯಾದ ಕಾಲ.

ಹುಡುಗ ಮೊಬೈಲಿನಿಂದ ಕಲಿತ ವಿದ್ಯೆಯನ್ನು ನನಗೆ ಹೇಳಿಕೊಟ್ಟ. ಟೈರಿಗೆ ಗಟ್ಟಿಯಾಗಿ ಗಾಳಿ ತುಂಬಬಾರದಂತೆ. ಕೊಂಚ ಮೆತ್ತಗಿದ್ದರೆ ಹರಳನ್ನು ಹಿಡಿದುಕೊಳ್ಳುತ್ತದಂತೆ. ಇಳಿಜಾರಿನಲ್ಲಿ ಸೀಟಿನಿಂದ ಎದ್ದು ಮೈಭಾರ ಹಿಂದಕ್ಕೆ ಹಾಕಬೇಕು. ಬ್ರೇಕನ್ನು ತಿರುವಿಗೆ ಮೊದಲೇ, ಎರಡು ಕೈಯಿಂದಲೂ ಹಗುರವಾಗಿ ಹಿಡಿಯಬೇಕು. ತಿರುವಿನೊಳಗೆ ಮುಂದಿನ ಬ್ರೇಕೊಂದನ್ನೇ ಹಿಡಿದೆಯೋ, ನೆಲಕ್ಕೆ ಸಾಷ್ಟಾಂಗ. ಎಲ್ಲ ಕಂಠಪಾಠ. 'ನಿಮ್ಮಪ್ಪ ಇದ್ಯಾವುದನ್ನೂ ಓದದೇ ಎರಡೂ ಕೈ ಬಿಟ್ಟು ಹೋಗ್ತಿದ್ದ ಕಣೋ' ಅಂದೆ. ಅವನು ಏನೂ ಅನ್ನಲಿಲ್ಲ. ಬೆಲ್ ಬಾರಿಸಿ ಮುಂದೆ ಹೋದ.

ಜೋಗಿಗುಂಡಿಯವರೆಗೂ ಈಗ ಟೂರಿಸ್ಟರ ಕಾರು ಬರುತ್ತವೆ, ಮಂಗಳವಾರವಾದ್ದರಿಂದ ಒಂದೋ ಎರಡೋ. ಅಲ್ಲಿಂದ ಮುಂದೆ ದಾರಿ ನಮ್ಮದಾಯಿತು. ಅದೇ ದಿಕ್ಕಿನಲ್ಲಿ ಮುಂದುವರಿದರೆ ಬರ್ಕಣದ ಕಡೆ. ಸೀತಾ ನದಿ 850 ಅಡಿಯಷ್ಟು ಕೆಳಕ್ಕೆ ಧುಮುಕುವ ಜಾಗ ಅದು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅದು ಮೀಸಲು ಅರಣ್ಯ, ಅನುಮತಿ ಇಲ್ಲದೆ ಒಳಹೋದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಅಪರಾಧ. ಹೀರೋಗಿರಿ ಬೇಡ. ನಾವು ಬರ್ಕಣಕ್ಕೆ ಹೋಗಲಿಲ್ಲ. ಕಾಡಿನ ಅಂಚು ಹಿಡಿದು, ತೋಟ ಗದ್ದೆಗಳ ನಡುವೆ ಮನೆಯಿಂದ ಮನೆಗೆ ಹೋಗುವ ಜನರ ದಾರಿಗೆ ತಿರುಗಿಕೊಂಡೆವು. ಆ ದಾರಿಯ ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರ ಅಲ್ಲಿ ಐವತ್ತು ಬೈಕುಗಳು! ಆಗುಂಬೆಯ ಸುತ್ತ ಇಂಥ ದಾರಿ ಒಂದೇ ಅಲ್ಲ. ಚಹದ ಅಂಗಡಿಯಲ್ಲಿ ಕೂತು ಮರ್ಯಾದೆಯಿಂದ ಕೇಳಿದರೆ ನಿಮಗೂ ಹೇಳುತ್ತಾರೆ.

ಸೈಕಲ್ಲಿನ ವೇಗದಲ್ಲಿ ಕಾಡು ಹೇಗಿರುತ್ತದೆ ಗೊತ್ತೇ? ಕಾರಿನಲ್ಲಿ ಹೋದರೆ ಕಾಡು ಬರೀ ಹಸಿರು ಪರದೆ. ನಡೆದರೆ ಎರಡು ಮೈಲಿಗೆ ಸುಸ್ತು. ಸೈಕಲ್ಲಿನಲ್ಲಿ ಮಾತ್ರ ಅದು ರೀಲಿನ ಹಾಗೆ ಸರಿಯಾದ ಸ್ಪೀಡಿನಲ್ಲಿ ಬಿಚ್ಚಿಕೊಳ್ಳುತ್ತದೆ. ಸದ್ದೂ ಕೇಳುತ್ತದೆ. ಹಳ್ಳದ ಪಕ್ಕದಿಂದ ಯಾರೋ ಉದ್ದಕ್ಕೆ, ರಾಗ ಮರೆತವರ ಹಾಗೆ ಶಿಳ್ಳೆ ಹಾಕಿದರು. ಹುಡುಗ ಗಕ್ಕನೆ ನಿಂತ. 'ಯಾರು ಮಾಮ?' 'ಯಾರೂ ಅಲ್ಲ, ಹಕ್ಕಿ!' ಮಲಬಾರ್ ಶಿಳ್ಳೆ ಹಕ್ಕಿ. ಕಡುನೀಲಿ ಮೈ. ಗಾಂಧಿ ಕ್ಲಾಸಿನವರಿಗೆ ಒಂದು ಲಾಂಛನ ಬೇಕೆಂದರೆ ಇದನ್ನೇ ಮಾಡಬಹುದು. ಇನ್ನೊಂದು ಕಡೆ ತಲೆಯ ಮೇಲೆ ಬುಸ್ ಬುಸ್ ಎಂದು ಉಗಿಬಂಡಿಯ ಸದ್ದು. ನೋಡಿದರೆ ಮಂಗಟ್ಟೆ ಹಕ್ಕಿಗಳ ಜೋಡಿ ರೆಕ್ಕೆ ಬಡಿಯುತ್ತ ಹೋಗುತ್ತಿತ್ತು.

'ಹಾವು ಸಿಗುತ್ತಾ ಮಾಮ?' ಇದು ಅವನ ಇನ್ನೊಂದು ಪ್ರಶ್ನೆ. ಆಗುಂಬೆ ಅಂದರೆ ಕಾಳಿಂಗ ಸರ್ಪದ ರಾಜಧಾನಿ. ಹಾವುಗಳ ಬೆನ್ನುಹತ್ತಿದ ರೊಮುಲಸ್ ವಿಟೇಕರ್ ಇಲ್ಲಿ ಕಾಳಿಂಗ ಕಂಡದ್ದು 1971ರಲ್ಲಿ. 2005ರಲ್ಲಿ ಅವರೇ ಇಲ್ಲೊಂದು ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು. 2024ರಲ್ಲಂತೂ ವಿಜ್ಞಾನಿಗಳು ನಮ್ಮ ಘಟ್ಟದ ಕಾಳಿಂಗವೇ ಬೇರೆ ಜಾತಿ ಎಂದು ತೀರ್ಮಾನಿಸಿ, ಅದರ ಲ್ಯಾಟಿನ್ ಹೆಸರಿನಲ್ಲಿ 'ಕಾಳಿಂಗ' ಎಂಬ ನಮ್ಮ ಪದವನ್ನೇ ಸೇರಿಸಿದರು. ನಮಗೆ ಅದರ ದರ್ಶನವಾಗಲಿಲ್ಲ. ಆಗಿದ್ದರೆ ಈ ಲೇಖನ ಇನ್ನೂ ಚಿಕ್ಕದಾಗಿರುತ್ತಿತ್ತು.

ಹುಡುಗ ಬಿದ್ದ

ಉಣುಗೋಲು ಸರಿಸಿ, ಮತ್ತೆ ಮುಚ್ಚಿ (ಇದು ಮರೆಯಬಾರದು ಗೆಳೆಯರೇ, ದನ ನುಗ್ಗಿದರೆ ಗದ್ದೆ ಹೋಯಿತು), ಒಂದು ಉದ್ದನೆಯ ಇಳಿಜಾರಿಗೆ ಬಂದೆವು. ಕೆಳಗೆ ಮೋರಿ, ಮೋರಿಯ ಹತ್ತಿರ ತಿರುವು. ನಾನು ರಾಡ್ ಬ್ರೇಕನ್ನು ನಂಬದೆ ಇಳಿದು ತಳ್ಳುತ್ತಿದ್ದೆ. ಹುಡುಗ ಸೀಟಿನಿಂದ ಎದ್ದು, ಮೈ ಹಿಂದಕ್ಕೆ ಹಾಕಿ, ಬಾಣದ ಹಾಗೆ ಹೋದ. ಹಿಂದಿನಿಂದ ನೋಡಿದರೆ ಥೇಟ್ ಅವರಪ್ಪ. ಅದೇ ಹೆಗಲು, ಮಡಚಿದ ಅದೇ ತೋಳು. ನಾನು ನಗುತ್ತಲೇ ಇದ್ದೆ.

ತಿರುವಿನಲ್ಲಿ ಹರಳು ಸರಿಯಿತು. ಮೂರು ತಿಂಗಳ ಕಂಠಪಾಠ ಎತ್ತಲೋ ಹೋಗಿ, ಅವನು ಮುಂದಿನ ಬ್ರೇಕನ್ನು ಬಿಗಿಹಿಡಿದ. ಸೈಕಲ್ ಒಂದು ಕಡೆ, ಹುಡುಗ ಒಂದು ಕಡೆ. ಧೂಳು ಎದ್ದಿತು. ಆಮೇಲೆ ಸದ್ದಿಲ್ಲ.

ನಾನು ಓಡಿದೆ ಎಂದು ಬರೆಯಬೇಕೆಂದು ಆಸೆ. ಓಡಲಿಲ್ಲ. ಕಾಲು ಏಳಲೇ ಇಲ್ಲ. ದಾರಿಯ ಪಕ್ಕ ಮಲಗಿದ ಹುಡುಗ, ಪಕ್ಕದಲ್ಲಿ ಇನ್ನೂ ತಿರುಗುತ್ತಿದ್ದ ಚಕ್ರ. 2004ರ ಆ ರಾತ್ರಿ ಮೊದಲು ಅಲ್ಲಿಗೆ ಹೋದವನು ನಾನೇ. ಆವತ್ತು ನೋಡಿದ್ದು ಇದನ್ನೇ. 'ಲಾರಿ ಬರದ ದಾರಿ ಇದೆ ಅತ್ತಿಗೆ' ಎಂದು ಹೇಳಿ ಕರೆತಂದವನೂ ನಾನೇ.

'ಮಾಮಾ.... ಪ್ಯಾಂಟ್ ಹರೀತು!' ಎಂದು ಹುಡುಗ ಎದ್ದು ಕೂತು ನಕ್ಕ.

ಮೊಣಕೈ, ಮಂಡಿ ತರಚಿ ರಕ್ತ. ಅಷ್ಟೇ. ಹೆಲ್ಮೆಟ್ಟಿಗೆ ಒಂದು ಗೀರು. ಹೆಲ್ಮೆಟ್ಟು ಅತ್ತಿಗೆಯ ಎರಡನೇ ಷರತ್ತು. ನಾನು ಅಲ್ಲೇ ಮೋರಿಯ ಮೇಲೆ ಕೂತೆ. ಹಿಂದಿನಿಂದ ಬಂದು ಅವನ ಮೇಲೆ ಹರಿಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ದಾರಿ ಎರಡೂ ಕಡೆ ಖಾಲಿ ಬಿದ್ದಿತ್ತು. ಆ ಖಾಲಿಯನ್ನೇ ಎಷ್ಟೋ ಹೊತ್ತು ನೋಡುತ್ತಿದ್ದೆ. ಹುಡುಗ ಹಳ್ಳದಲ್ಲಿ ಗಾಯ ತೊಳೆದುಕೊಂಡು ಬಂದು, 'ಮಾಮ, ನೀವ್ಯಾಕೆ ಅಳ್ತಿದೀರ, ಬಿದ್ದಿದ್ದು ನಾನು' ಅಂದ.

ಅಜ್ಜಿಯ ಡೈಲಾಗು

ಮೋರಿಯಾಚೆಯ ಏರಿನಲ್ಲಿ ಒಂದು ಮನೆ. ಮುಂದೆ ಅಡಿಕೆ ಒಣಹಾಕಿದ ಅಂಗಳ. ರಕ್ತ ನೋಡಿ ಅಜ್ಜಿಯೊಬ್ಬರು ಓಡಿ ಬಂದರು. 'ಅಯ್ಯೋ ತಮ್ಮಾ, ಎಂತ ಮಾಡ್ಕೊಂಡ್ಯಾ!' ಗಾಯಕ್ಕೆ ಅರಿಸಿನ, ನಮಗೆ ಬೆಲ್ಲ ನೀರು. ಮಲೆನಾಡಿನ ಮನೆ ಎಂದ ಮೇಲೆ ಹೆಸರು ಕೇಳುವ ಮೊದಲೇ ಬೆಲ್ಲ ಬರಬೇಕಲ್ಲ!

ನಾನು ಉತ್ಸಾಹದಲ್ಲಿ, 'ಎಂಥ ಚಂದದ ದಾರಿ ಅಜ್ಜಿ! ಒಂದು ಗಾಡಿ ಇಲ್ಲ, ಗಲಾಟೆ ಇಲ್ಲ. ಇದು ಹೀಗೇ ಇರ್ಬೇಕು' ಅಂದುಬಿಟ್ಟೆ.

ಅಜ್ಜಿ ಚೊಂಬು ಕೆಳಗಿಟ್ಟರು.

'ನಿಮಗೆ ಚಂದ ಮಾರಾಯ್ರೆ. ನಮ್ಮನೆಯವ್ರಿಗೆ ಎದೆನೋವು ಬಂದಿದ್ದು ಆಷಾಢದ ಮಳೆಯಾಗೆ. ಜೀಪು ಆ ಮೋರಿಯಿಂದ ಈಚೆ ಬರ್ಲಿಲ್ಲ. ಕುರ್ಚಿಗೆ ಎರಡು ಗಳ ಕಟ್ಟಿ ನಾಲ್ಕು ಜನ ಹೊತ್ಕೊಂಡು ಹೋದ್ರು. ನೀವು ಕೂತಿದ್ರಲ್ಲ, ಆ ಮೋರಿ, ಅಲ್ಲಿಗೇ ಮುಗೀತು.'

ಏನು ಹೇಳಲಿ? ನನ್ನ ಬಾಯಲ್ಲಿದ್ದ ಬೆಲ್ಲ ಹಾಗೇ ಉಳಿಯಿತು. ಎರಡು ಸಲ ಯಾರೋ ಬಂದು ರಸ್ತೆ ಅಳೆದುಕೊಂಡು ಹೋದರಂತೆ. ಕಾಗದ ಇನ್ನೂ ಕಚೇರಿಯಿಂದ ಕಚೇರಿಗೆ ಓಡಾಡುತ್ತಿದೆಯಂತೆ. ಒಂದಿಷ್ಟು ದೂರ ಕಾಂಕ್ರೀಟು ಬಿದ್ದು ನಿಂತಿದೆ, ನಾವೇ ಬರುವಾಗ ನೋಡಿದ್ದೆವು. ನೋಡಿ 'ಛೆ, ಹಾಳುಮಾಡಿದಾರೆ' ಎಂದು ನಾನು ಬೈದಿದ್ದೆ ಕೂಡ.

ಹುಡುಗ ಸುಮ್ಮನೆ ಕೇಳುತ್ತಿದ್ದವನು, 'ನಮ್ಮಪ್ಪ ಹೋಗಿದ್ದು ಟಾರು ರಸ್ತೆಯಲ್ಲಿ ಅಜ್ಜಿ. ಲಾರಿ' ಅಂದ. ಅವನು ತನ್ನಪ್ಪನ ವಿಷಯ ಹೊರಗಿನವರ ಮುಂದೆ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಜ್ಜಿ ಅವನ ಮುಖ ನೋಡಿದರು. ಒಳಗೆ ಹೋಗಿ ಬಾಳೆಲೆ ಹಾಕಿದರು. 'ಊಟ ಮಾಡ್ಕೊಂಡೇ ಹೋಗ್ಬೇಕು' ಅಂದರು. ಅಪ್ಪೆಮಿಡಿ ಉಪ್ಪಿನಕಾಯಿ, ಬಸಳೆ ಹುಳಿ, ಕುಚ್ಚಲಕ್ಕಿ ಅನ್ನ. ಊಟದ ಉದ್ದಕ್ಕೂ ರಸ್ತೆಯ ಮಾತು ಬರಲಿಲ್ಲ. ಶೂಟಿಂಗಿನ ಮಾತು ಬಂತು! ಅಜ್ಜಿಗೆ ಶಂಕರ್‌ನಾಗ್ ಚೆನ್ನಾಗಿ ನೆನಪು. ಸ್ವಾಮಿ ಆಗಿದ್ದ ಮಾಸ್ಟರ್ ಮಂಜುನಾಥನನ್ನು ಆಗುಂಬೆ ಬೀದಿಯಲ್ಲಿ ನೋಡಿದ್ದರಂತೆ. 'ಇವ್ನಷ್ಟೂ ಇರ್ಲಿಲ್ಲ, ಚೋಟುದ್ದ. ಎಷ್ಟು ಸಲ ಓಡ್ಸಿದ್ರೂ ಓಡ್ತಿತ್ತು ಪಾಪ.' ನಾನು ಚೈನು ಕಿತ್ತ ಕಥೆ ಹೇಳಿದೆ. ಮೂವತ್ತು ಕಿಲೋಮೀಟರು ತುಳಿದು ಬಂದು ಪ್ರತಿಮೆ ನೋಡಿ ಹೋದವರು ಎಂದು ಅಜ್ಜಿ ಹೊಟ್ಟೆ ಹಿಡಿದು ನಕ್ಕರು.

'ಈ ದಾರಿ ಮುಂದೆ ಎಲ್ಲಿಗೆ ಹೋಗುತ್ತೆ ಅಜ್ಜಿ?' ಹುಡುಗ ಕೇಳಿದ. ನಾನು ತಲೆಯೆತ್ತಿದೆ. ನಲವತ್ತು ವರ್ಷದ ಹಿಂದಿನ ಪ್ರಶ್ನೆ!

'ಎಲ್ಲಿಗೆ ಹೋಗ್ತದೆ? ಇನ್ನೊಂದು ಮನೆ ಅದೆ. ಅಲ್ಲಿಗೆ ಮುಗೀತು. ಆಮೇಲೆ ಕಾಡು.'

ಹೋದೆವು. ನಿಜ. ಇನ್ನೊಂದು ಮನೆ. ಬಾಗಿಲು ಹಾಕಿತ್ತು, ನಾಯಿ ಬೊಗಳಿತು. ಅದರಾಚೆ ದಾರಿ ಕಾಲುಹಾದಿಯಾಗಿ, ಹಾದಿ ತರಗೆಲೆಯಾಗಿ ಹೋಗಿತ್ತು. ಹುಡುಗ ಸೈಕಲ್ಲನ್ನು ಮರಕ್ಕೆ ಒರಗಿಸಿ ಒಂದು ಫೋಟೋ ತೆಗೆದ. ತನ್ನದಲ್ಲ, ಸೈಕಲ್ಲಿನದು.

ವಾಪಸು ಬರುವಾಗ ಸೂರ್ಯಾಸ್ತದ ಕಟ್ಟೆಗೂ ಹೋಗಿ ಬರೋಣವೆಂದರೆ, ಅದು ಹದಿನಾಲ್ಕು ಹೇರ್‌ಪಿನ್ ತಿರುವುಗಳ ಘಾಟಿಯ ತಲೆಯ ಮೇಲಿದೆ, ಹೆದ್ದಾರಿ. ಹುಡುಗನೇ ಬೇಡವೆಂದ. 'ಅಮ್ಮನಿಗೆ ಮಾತು ಕೊಟ್ಟಿದೀವಿ ಮಾಮ.' ಆಗುಂಬೆಯ ಬೀದಿಗೆ ಬಂದು ಲಗೇಜ್ ಆಟೋಕ್ಕೆ ಸೈಕಲ್ ಏರಿಸುವ ಹೊತ್ತಿಗೆ ಘಾಟಿಯ ಕಡೆಯಿಂದ ಹಾರ್ನುಗಳ ಕಚೇರಿ ಶುರುವಾಗಿತ್ತು. ಅಂದಹಾಗೆ, ಮಾಲ್ಗುಡಿಯ ರೈಲ್ವೆ ಸ್ಟೇಷನ್ ನೋಡುವ ಆಸೆ ಇದ್ದವರು ಆಗುಂಬೆಯಲ್ಲಿ ಹುಡುಕಬೇಡಿ. ಅದು ಶಿವಮೊಗ್ಗ-ತಾಳಗುಪ್ಪ ಮಾರ್ಗದ ಅರಸಾಳು. 2020ರಿಂದ ಅಲ್ಲಿ ಮಾಲ್ಗುಡಿ ಮ್ಯೂಸಿಯಂ ಇದೆ.

ಆಟೋದಲ್ಲಿ ಕೂತ ಮೇಲೆ ಹುಡುಗ ಮನೆಗೆ ಫೋನ್ ಮಾಡಿದ. ಸ್ಪೀಕರ್ ಹಾಕಿದ.

'ಬಿದ್ದೆ ಅಮ್ಮ. ಸ್ವಲ್ಪ ತರಚಿದೆ.' ಬಚ್ಚಿಡಬಾರದೆಂದು ದಾರಿಯಲ್ಲೇ ತೀರ್ಮಾನಿಸಿದ್ದ.

ಆ ಕಡೆ ತುಂಬ ಹೊತ್ತು ಮಾತಿಲ್ಲ. ನನ್ನ ಎದೆ ಡವಡವ.

'ಲಾರಿ ಬಂತಾ?'

'ಇಲ್ಲ. ಒಂದೂ ಇಲ್ಲ. ನಾನೇ ಬ್ರೇಕ್ ತಪ್ಪು ಹಿಡಿದೆ.'

ಮತ್ತೆ ಮೌನ. ಆಮೇಲೆ ಅತ್ತಿಗೆ ಕೇಳಿದರು:

'ಆ ಸೈಕಲ್ ಈಗ ಎಲ್ಲಿಡ್ತೀಯ?'

'ಮಾಮನ ಕೊಟ್ಟಿಗೇಲಿ.'

'ಅಲ್ಲಿ ದನ ತುಳಿಯುತ್ವೆ. ಮನೆಗೇ ತಗೊಂಬಾ. ಹಿತ್ತಿಲಲ್ಲಿ ಬೇಡ, ಇಬ್ಬನಿ ಬೀಳುತ್ತೆ. ಜಗಲಿ ಮೇಲೆ ಇಡು.'